ಬಾಗಿಲ ಹೊರಗಿನ ಪೂಜೆ

“ಸಿಸ್ಟರ್, ಜಪಸರ ಹಿಡಿದ್ರೆ ಕಣ್ಮುಂದೆ ಬರೋಳು ನಮ್ಮವ್ವ, ದೇವ್ರಲ್ಲ. ಇದೂ ಒಂದು ಪ್ರಾರ್ಥನೆನಾ? ನಾನು ಊರಿಗೆ ಹೊರಟೋಗ್ಲಾ?”

ಕನ್ಯಾಮಠ ಸೇರಿ ಆರು ತಿಂಗಳಾಗಿದ್ದ ಸವರಿಯಮ್ಮ ಹೀಗೆ ಕೇಳಿದಾಗ, ಹೊಸಬರಿಗೆ ಪಾಠ ಹೇಳುವ ಹಿರಿಯ ಸಿಸ್ಟರ್ ಬೆನಿಟಾ ಅಕ್ಕಿ ಆರಿಸುತ್ತಿದ್ದರು. ಮೊರದಿಂದ ತಲೆ ಎತ್ತಲಿಲ್ಲ.

“ಬಸ್ಸು ನಾಲ್ಕಕ್ಕಿದೆ. ಅಲ್ಲೀತನಕ ಒಂದು ಕತೆ ಕೇಳು” ಎಂದರು.

ಐರ್ಲೆಂಡಿನ ಒಂದು ಹಳ್ಳಿಯಲ್ಲಿ ತಾಯಿ ಮಗಳು ಇದ್ದರು. ಮಗಳು ಮದುವೆಗೆ ಮೊದಲೇ ಬಸುರಾದಳು. ಮಗು ಹುಟ್ಟಿ ಮೂರು ದಿನಕ್ಕೆ ತೀರಿಕೊಂಡಿತು. ಮುಂದಿನ ಭಾನುವಾರ ಪಾದ್ರಿ ಪೀಠದ ಮುಂದೆ ನಿಂತು, ಊರೆಲ್ಲ ಕೇಳುವಂತೆ ಅವಳ ಹೆಸರು ಹಿಡಿದು ಜರೆದ. ಪಕ್ಕದಲ್ಲೇ ಕೂತಿದ್ದ ತಾಯಿ ತುಟಿ ಬಿಚ್ಚಲಿಲ್ಲ. ಮಗಳಿಗೆ ಪಾದ್ರಿಯ ಮಾತಿಗಿಂತ ಹೆಚ್ಚು ನೋವಾದದ್ದು ಆ ಮೌನದಿಂದ. ಇನ್ನು ಚರ್ಚಿನ ಹೊಸ್ತಿಲು ತುಳಿಯುವುದಿಲ್ಲ ಎಂದುಕೊಂಡು ಹಡಗು ಹತ್ತಿದಳು. ಅಮೆರಿಕದಲ್ಲಿ ಒಬ್ಬ ಸಾಹುಕಾರನ ಮನೆಯಲ್ಲಿ ಅಡುಗೆ ಕೆಲಸಕ್ಕೆ ನಿಂತಳು.

ತಾಯಿಗೆ ಓದುಬರಹ ಬಾರದು. ಕಾಗದ ಬರೆದುಕೊಡುವವನೂ ಬಂದ ಕಾಗದ ಓದಿ ಹೇಳುವವನೂ ಅದೇ ಪಾದ್ರಿ. ಅವನ ಮುಂದೆ ಮನಸ್ಸು ಬಿಚ್ಚುವುದಾದರೂ ಹೇಗೆ? ಪ್ರತಿ ಕಾಗದದಲ್ಲೂ ಒಂದೇ ಪ್ರಶ್ನೆ ಬರುತ್ತಿತ್ತು: ‘ಭಾನುವಾರ ಪೂಜೆಗೆ ಹೋಗಿದ್ದೆಯಾ? ಪ್ರವಚನದಲ್ಲಿ ಏನು ಹೇಳಿದರು?’

ಮಗಳು ಮೊದಲು ಸಿಡಿಮಿಡಿಗೊಂಡಳು. ಆದರೆ ಉತ್ತರ ಬರೆಯದಿದ್ದರೆ ತಾಯಿಯ ಕಾಗದವೂ ನಿಂತುಹೋದೀತು. ಸುಳ್ಳು ಬರೆಯಲು ಕೈ ಬರಲಿಲ್ಲ, ಒಳಗೆ ಹೋಗಲು ಕಾಲು ಬರಲಿಲ್ಲ. ಹಾಗಾಗಿ ಪ್ರತಿ ಭಾನುವಾರ, ಹಿಮ ಬಿದ್ದರೂ ಸರಿ, ಚರ್ಚಿನ ಬಾಗಿಲ ಹೊರಗೆ ನಿಂತು ಪ್ರವಚನ ಕೇಳಿ ಬರೆದು ಕಳಿಸಿದಳು. ಹೊರಗೆ ನಿಂತಿದ್ದೆ ಎಂದು ಮಾತ್ರ ಬರೆಯಲಿಲ್ಲ; ಓದುವವನು ಅವನಲ್ಲವೇ. ಹೀಗೆ ಹತ್ತೊಂಬತ್ತು ವರ್ಷ ಕಳೆಯಿತು.

ಕಡೆಗೆ ಪಾದ್ರಿಯದೇ ಕಾಗದ ಬಂತು. ತಾಯಿ ತೀರಿಕೊಂಡಿದ್ದಳು. ಇನ್ನು ಪ್ರವಚನ ಯಾರಿಗಾಗಿ? ಆದರೂ ಆ ಭಾನುವಾರ ಅವಳ ಕಾಲು ಅದೇ ಬಾಗಿಲಿಗೆ ಹೋಯಿತು. ಪೂಜೆ ಮುಗಿಸಿ ಹೊರಬಂದ ಹೆಂಗಸೊಬ್ಬಳು ಅವಳ ಗುರುತು ಹಿಡಿದಳು. ಆಕೆಯೂ ಅದೇ ಹಳ್ಳಿಯವಳು, ಆ ತಿಂಗಳಷ್ಟೇ ಹಡಗಿನಿಂದ ಇಳಿದವಳು.

“ನೀನೂ ಹೊರಗೇ ನಿಂತಿದ್ದೀಯಾ?” ಎಂದಳು.

“ನೀನೂ ಅಂದ್ರೆ?”

“ನೀನು ಊರು ಬಿಟ್ಟ ದಿನದಿಂದ ನಿನ್ನ ತಾಯಿ ಚರ್ಚಿನ ಒಳಗೆ ಕಾಲಿಡಲಿಲ್ಲ ಕಣೇ. ಸಾಯೋವರೆಗೂ ಪ್ರತಿ ಭಾನುವಾರ ಬಾಗಿಲ ಹೊರಗೇ ನಿಂತಿದ್ದಳು. ಪಾದ್ರಿ ಒಳಗೆ ಕರೆದೂ ಕರೆದೂ ಸೋತ.”

ಮಗಳು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತು, ಹತ್ತೊಂಬತ್ತು ವರ್ಷದ ಅಳುವನ್ನೆಲ್ಲ ಅತ್ತಳು.

ಬೆನಿಟಾ ಅಕ್ಕಿಯಿಂದ ಕಲ್ಲೊಂದನ್ನು ಹೆಕ್ಕಿ ಎಸೆದರು. ಸವರಿಯಮ್ಮ ಕಣ್ಣೊರೆಸಿಕೊಂಡಳು.

“ಆಮೇಲಾದ್ರೂ ಒಳಗೆ ದೇವ್ರ ಹತ್ರ ಹೋದ್ಲಾ, ಸಿಸ್ಟರ್?”

“ಅವ್ವ ಮಗಳು ಇಬ್ರೂ ಹೊರಗೆ ನಿಂತಿರೋವಾಗ, ದೇವ್ರೊಬ್ನೇ ಒಳಗೆ ಕೂತಿದ್ನೇನೇ, ಹುಚ್ಚಿ?”