ಎರಡರಷ್ಟು ಮದ್ದು

“ಕೆಂಗೋಟೆಯ ಮಲ್ಲರಸ ದೊರೆಗಳ ಅಪ್ಪಣೆ, ಎಲ್ಲರೂ ಕೇಳಿ. ಮದ್ದಿನ ಬಾಣದ ಮೇಲೆ ದೊರೆಗಳು ಮೂರು ಒಗಟು ಹಾಕುತ್ತಾರೆ. ಮೂರನ್ನೂ ಒಡೆದವರಿಗೆ ಬಾಣದ ಕಾರ್ಖಾನೆಯ ಯಜಮಾನಿಕೆ, ಮೇಲೆ ಕೇಳಿದ್ದೊಂದು ವರ. ಒಂದು ತಪ್ಪಿದರೂ ತಲೆ ಹೋಗುತ್ತದೆ.”

ತಮಟೆಯವನು ಹೀಗೆ ಸಾರುತ್ತ ಮದ್ದಿನ ಕೇರಿಗೆ ಬಂದಾಗ ಸಾಕಿ ಸಿಡಿಮದ್ದಿಗೆ ಇದ್ದಿಲು ಕುಟ್ಟುತ್ತಿದ್ದಳು. ಯಜಮಾನಿಕೆ ಎಂಬ ಮಾತು ಕಿವಿಗೆ ಬಿದ್ದದ್ದೇ ಅವಳ ಮೈಯೆಲ್ಲ ಉರಿದುಹೋಯಿತು. ಆ ಯಜಮಾನಿಕೆ ಅವಳ ಅಣ್ಣ ಮುದ್ದೀರನದು. ಮುದ್ದೀರ ಈಗ ಸೆರೆಮನೆಯಲ್ಲಿದ್ದ, ಒಗಟಿನ ದಿನ ಹೊತ್ತು ಮುಳುಗುವಾಗ ಅವನ ತಲೆ ತೆಗೆಯುವುದೆಂದು ತೀರ್ಮಾನವಾಗಿತ್ತು.

ಅವನ ತಪ್ಪಾದರೂ ಏನು? ಕೆಂಗೋಟೆಯಲ್ಲಿ ಬಾಣವನ್ನು ಪರೀಕ್ಷೆ ಮಾಡುವುದು ಹಗ್ಗದ ಮೇಲೆ. ಮೈದಾನದುದ್ದಕ್ಕೂ ಬಿಗಿದ ಹಗ್ಗಕ್ಕೆ ಬಾಣವನ್ನು ಬಳೆಯಿಂದ ತೂಗುಹಾಕಿ ಬೆಂಕಿ ಕೊಡುತ್ತಾರೆ. ಮದ್ದೆಲ್ಲ ಉರಿದ ಮೇಲೆ ಕೊನೆಯ ಎರಡು ಕಂಬಗಳ ನಡುವೆ ಅದು ಹಾಯುವಷ್ಟರಲ್ಲಿ ತಮಟೆಯ ಪೆಟ್ಟು ಎಷ್ಟಾಯಿತೆಂದು ಎಣಿಸುತ್ತಾರೆ. ಪೆಟ್ಟು ಕಡಿಮೆಯಾದಷ್ಟೂ ಓಟ ಹೆಚ್ಚು. ಹತ್ತು ಸೇರು ತೂಕದ ಕೊಳವೆಗೆ ಹತ್ತು ಸೇರು ಮದ್ದು ತುಂಬಿದರೆ ಹದಿನಾರು ಪೆಟ್ಟು. ದೊರೆ ಮುದ್ದೀರನ ಕೈಯಲ್ಲಿ ಅದೇ ಕೊಳವೆಗೆ ಇಪ್ಪತ್ತು ಸೇರು ತುಂಬಿಸಿದ, ಎಂಟೇ ಪೆಟ್ಟಿಗೆ ಹಾಯಬೇಕೆಂದ. ಹತ್ತಾಯಿತು. ಅಷ್ಟಕ್ಕೇ, ಇಪ್ಪತ್ತು ಸೇರನ್ನೂ ತುಂಬದೆ ಒಂದಷ್ಟು ಕದ್ದನೆಂದು ಮುದ್ದೀರ ಮದ್ದುಗಳ್ಳನಾದ. ಹುಟ್ಟಿದಾಗಿನಿಂದ ಕೈಗೆ ಮಸಿ ತಾಗಿಸಿಕೊಳ್ಳದವರೆಲ್ಲ ಕೂತು ಅವನಿಗೆ ಕಳ್ಳನ ಪಟ್ಟ ಕಟ್ಟಿದರು.

ಒಗಟಿನ ದಿನ ಪಾಳೇಗಾರನ ಮಗನೊಬ್ಬ ಮೀಸೆ ತಿರುವಿಕೊಂಡು ಮುಂದೆ ಬಂದ. ದೊರೆ ಕೇಳಿದ, “ನೆಲಕ್ಕೆ ಕಾಲೂರದು, ಗಾಳಿಗೆ ರೆಕ್ಕೆ ಬಡಿಯದು, ಆದರೂ ಮುಂದಕ್ಕೆ ಹಾರುತ್ತದೆ. ಬಾಣ ಹಾರುವುದು ಯಾರನ್ನು ಒದ್ದು?”

“ಹಿಂದಿರುವ ಗಾಳಿಯನ್ನು ಒದ್ದು, ಪ್ರಭು.”

ಅವನನ್ನು ಎಳೆದುಕೊಂಡು ಹೋದರು. ಆಮೇಲೆ ಬಂದ ಆಸ್ಥಾನದ ಜೋಯಿಸ “ತನ್ನ ಹೊಗೆಯನ್ನೇ ಒದ್ದು” ಎಂದು ಮೊದಲನೆಯದನ್ನು ದಾಟಿದ. ಎರಡನೆಯದು ಹೀಗಿತ್ತು: “ಮೊದಲ ಹಿಡಿ ಮದ್ದೂ ಕೊನೆಯ ಹಿಡಿ ಮದ್ದೂ ತೂಕದಲ್ಲಿ ಸಮ. ಆದರೂ ಕೊನೆಯ ಹಿಡಿ ಬಾಣವನ್ನು ಹೆಚ್ಚು ನೂಕುತ್ತದೆ. ಏಕೆ?” ಜೋಯಿಸ ಬೆವರು ಒರೆಸಿಕೊಂಡು, “ಅಷ್ಟರಲ್ಲಿ ಕೊಳವೆ ಕಾದಿರುತ್ತದೆ” ಎಂದ. ಅವನ ತಲೆಯೂ ಹೋಯಿತು. ಬಾಯಿ ತಪ್ಪಿದ್ದಕ್ಕೆ ಎರಡು ಜೀವ, ಅದೂ ಮಧ್ಯಾಹ್ನದ ಊಟಕ್ಕೆ ಮುಂಚೆ.

ಮಸಿ ಸೀರೆಯಲ್ಲೇ ಸಾಕಿ ಮುಂದೆ ಬಂದಳು. ಸಭೆ ಮುಸಿಮುಸಿ ನಕ್ಕಿತು.

“ಮೊದಲ್ನೇದು ಹೇಳ್ತೀನಿ ಬುದ್ಧಿ,” ಎಂದಳು. “ದೋಣೀಲಿ ನಿಂತು ಕಲ್ಲನ್ನ ಹಿಂದಕ್ಕೆಸೆದ್ರೆ ದೋಣಿ ಮುಂದಕ್ಕೆ ಜರಗ್ತದೆ. ಕಲ್ಲು ಹಗುರ, ಅದರ ಓಟ ಜಾಸ್ತಿ. ದೋಣಿ ಭಾರ, ಅದರ ಓಟ ಕಮ್ಮಿ. ತೂಕಾನೂ ಓಟಾನೂ ಗುಣಿಸಿ ನೋಡಿದ್ರೆ ಎರಡೂ ಕಡೆ ಸಮ. ಬಾಣಾನೂ ಅಷ್ಟೇ, ಹೊಟ್ಟೇಲಿರೋ ಮದ್ದನ್ನ ಹೊಗೆ ಮಾಡಿ ಹಿಂದಕ್ಕೆ ಉಗುಳ್ತದೆ, ತಾನು ಮುಂದಕ್ಕೆ ಹೋಗ್ತದೆ. ಇನ್ನು ಎರಡ್ನೇದು. ಮೊದಲ ಹಿಡಿ ಉರಿಯುವಾಗ ಮಿಕ್ಕ ಮದ್ದೆಲ್ಲ ಒಳಗೇ ಇರ್ತದೆ. ಆ ಹಿಡಿ ಕೊಳವೇನೂ ನೂಕಬೇಕು, ಮಿಕ್ಕ ಮದ್ದನ್ನೂ ನೂಕಬೇಕು. ಕೊನೆ ಹಿಡಿಗೆ ಬರೀ ಕೊಳವೆ ಉಳಿದಿರ್ತದೆ.”

ದೊರೆ ತಲೆಯಾಡಿಸಿದ. ಈ ಎರಡು ಉತ್ತರಗಳನ್ನೂ ಅವನಿಗೆ ಹೇಳಿಕೊಟ್ಟಿದ್ದವನು ಮುದ್ದೀರನೇ. ಸಾಕಿಗೆ ಅದು ಗೊತ್ತಿತ್ತು, ಹಲ್ಲು ಕಚ್ಚಿ ನಿಂತಳು.

“ಮೂರನೆಯದು,” ಎಂದ ದೊರೆ. “ಎರಡರಷ್ಟು ಉಂಡದ್ದು ಎರಡರಷ್ಟು ಓಡಲಿಲ್ಲ. ನಡುವೆ ಮಾಯವಾದ ಮದ್ದು ಯಾರ ಮನೆ ಸೇರಿತು?”

ಸಭೆಗೆಲ್ಲ ಉತ್ತರ ಗೊತ್ತಿತ್ತು. ಕಳ್ಳನ ಮನೆ ಎಂದರೆ ಸಾಕಿಯ ತಲೆ ಉಳಿಯುತ್ತಿತ್ತು, ಕಾರ್ಖಾನೆಯೂ ಕೈಗೆ ಬರುತ್ತಿತ್ತು. ಅಣ್ಣ ಮಾತ್ರ ಉಳಿಯುತ್ತಿರಲಿಲ್ಲ.

“ಯಾರ ಮನೇನೂ ಸೇರ್ಲಿಲ್ಲ. ಮಾಯಾನೂ ಆಗ್ಲಿಲ್ಲ,” ಎಂದಳು. “ಹೆಚ್ಚಿಗೆ ತುಂಬಿದ ಹತ್ತು ಸೇರು ಮೊದಲು ಉರೀತದೆ. ಉರಿಯುವಾಗ ಉಳಿದ ಹತ್ತು ಸೇರನ್ನೂ ಹೊತ್ಕೊಂಡು ಓಡಬೇಕು. ಹೊರೆ ಹೊರೋದ್ರಲ್ಲೇ ಅದರ ಶಕ್ತಿ ಸವೀತದೆ. ಅದಕ್ಕೇ ಎಂಟಾಗೋದು ಹತ್ತಾಯ್ತು. ಎರಡ್ನೇ ಉತ್ತರಕ್ಕೆ ತಲೆ ಆಡಿಸಿದೋರಿಗೆ ಮೂರ್ನೇದು ಹೊಳೀಲಿಲ್ವಾ ಬುದ್ಧಿ?”

ದೊರೆ ಕೆಂಡವಾದ. “ಕಳ್ಳನ ತಂಗಿ ಇನ್ನೇನು ಹೇಳಿಯಾಳು? ತೆಗೆಯಿರಿ ತಲೆ.”

“ತೆಗೀರಿ. ಅದಕ್ಕೂ ಮುಂಚೆ ನಿಮ್ಮ ಕೈಯಾರೆ ಇಪ್ಪತ್ತು ಸೇರು ತೂಗಿ, ನೀವೇ ತುಂಬಿ, ನಿಮ್ಮ ಮುದ್ರೆ ಒತ್ತಿ ಬಿಡಿ. ಎಂಟಾದ್ರೆ ಅಣ್ಣ ತಂಗಿ ಇಬ್ರದೂ ತಲೆ ನಿಮ್ಮದು.”

ತುಂಬಿದ ಸಭೆಯಲ್ಲಿ ಒಲ್ಲೆನೆನ್ನಲು ದೊರೆಗೆ ಬಾಯಿ ಬರಲಿಲ್ಲ. ತಾನೇ ತೂಗಿದ, ತಾನೇ ಜಡಿದ, ಮುದ್ರೆಯನ್ನೂ ಒತ್ತಿದ. ಬಾಣ ಹಗ್ಗದ ಮೇಲೆ ಬುಸುಗುಟ್ಟುತ್ತ ಓಡಿತು. ಏಳು, ಎಂಟು, ಒಂಬತ್ತು ಆಯಿತು. ಕೊನೆಯ ಕಂಬ ದಾಟಿದ್ದು ಹತ್ತನೆಯ ಪೆಟ್ಟಿಗೆ.

“ಕದ್ದ ಮದ್ದನ್ನ ಈಗ ಯಾರ ಮನೇಲಿ ಹುಡುಕಾಣ ಬುದ್ಧಿ? ಅರಮನೇಲಾ?”

ಯಾರೂ ನಗಲಿಲ್ಲ. ದೊರೆ, “ಯಜಮಾನಿಕೆ ನಿನ್ನದು. ಮುದ್ದೀರನನ್ನು ಬಿಟ್ಟೆ. ವರ ಕೇಳು” ಎಂದು ತನ್ನ ಹೆಗಲ ಜರಿ ಶಾಲು ತೆಗೆದು ನೀಡಿದ.

“ಅದು ನಂಗೆ ಬ್ಯಾಡ. ಸಿಂಹಾಸನ ಇಳಿದು ಬಂದು ನಮ್ಮಣ್ಣಂಗೆ ಹೊದಿಸಿ. ಕಳ್ಳ ಅಲ್ಲ ಅಂತ ಎಲ್ಲರ ಮುಂದೆ ನಿಮ್ಮ ಬಾಯಲ್ಲೇ ಹೇಳಿ. ಅದೇ ವರ.”

ಮುದ್ದೀರನನ್ನು ಕರೆತಂದರು. ದೊರೆ ಮೆಟ್ಟಿಲಿಳಿದು ಶಾಲು ಹೊದಿಸಿದ, “ನೀನು ಕಳ್ಳನಲ್ಲ” ಎಂದ. ಮುದ್ದೀರ ಒಳ್ಳೆಯವನು, ಅಭ್ಯಾಸಬಲದಿಂದ ಕೈ ಮುಗಿಯಲು ಹೋದ. ಬೆರಳುಗಳು ಒಂದಕ್ಕೊಂದು ಕೂಡಲಿಲ್ಲ. ಕದ್ದೆನೆಂದು ಒಪ್ಪಿಸಲು ಸೆರೆಮನೆಯವರು ಅವನ್ನು ಒಂದೊಂದಾಗಿ ಮುರಿದಿದ್ದರು.

ಸಾಕಿ ಅವನ ಎರಡೂ ಕೈಗಳನ್ನು ಮೆಲ್ಲಗೆ ಕೆಳಗಿಳಿಸಿದಳು. “ಮುಗೀಬ್ಯಾಡಣ್ಣ,” ಎಂದಳು, “ನಡಿ ಮನೆಗೆ.”