ಬೆಲ್ಲದ ವ್ಯಾಪಾರಿಯ ಹಸಿವು

“ಗುರುಗಳೇ, ಒಬ್ಬರು ಜಪ ಮಾಡು ಎಂದರು, ಮಾಡಿದೆ. ಇನ್ನೊಬ್ಬರು ಮೌನ ಹಿಡಿ ಎಂದರು, ಹಿಡಿದೆ. ನೀವು ಹೇಳಿದ್ದನ್ನೂ ಮಾಡಿದೆ. ಒಳಗಿನ ತಳಮಳ ಮಾತ್ರ ಹಾಗೇ ಇದೆ. ಇನ್ನು ಯಾರ ಬಳಿ ಹೋಗಲಿ?”

ಕೇಳಿದವನು ಚನ್ನವೀರನೆಂಬ ಶಿಷ್ಯ. ಬೆಳಗಾದರೆ ಒಂದು ಹೊಸ ಪ್ರಶ್ನೆ ಹೊತ್ತು ಬರುವುದು ಅವನ ರೂಢಿ. ಈ ದಿನ ಬಟ್ಟೆಯ ಗಂಟನ್ನೂ ಹೊತ್ತು ಬಂದಿದ್ದ. ಉತ್ತರ ಒಪ್ಪಿಗೆಯಾಗದಿದ್ದರೆ ಬೇರೆ ಮಠಕ್ಕೆ ಹೊರಟುಬಿಡುವುದೆಂದು ನಿಶ್ಚಯಿಸಿದ್ದ.

ಗುರುಗಳು ಗಂಟನ್ನು ನೋಡಿದರು. “ಹೋಗುವೆಯಂತೆ, ಮೊದಲು ಕೂತುಕೋ,” ಎಂದು ಕತೆ ಹೇಳತೊಡಗಿದರು.

ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಅವನಿಗೆ ಬಹಳ ಕಾಲದಿಂದ ಎದೆಯುರಿ. ಉಂಡರೆ ಹುಳಿತೇಗು, ಮಲಗಿದರೆ ಗಂಟಲಿಗೆ ಹುಳಿನೀರು. ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದ. ನಿನ್ನ ಹೆಂಡತಿಯ ಕೈ ಖಾರ, ಅದಕ್ಕೇ ಹೀಗೆ ಎಂದು ಯಾರೋ ಹೇಳಿದರು. ಅವನು ನಂಬಿದ. ಹೆಂಡತಿಯನ್ನು ತವರಿಗೆ ಹೊರಡಿಸಿದ.

ಅವಳು ಹೊಸಿಲ ಮೇಲೆ ನಿಂತು ಕೇಳಿದಳು, “ನಾನು ಹೋದ ಮೇಲೂ ಉರಿದರೆ?”

ಎಂಥ ಮಹಾನುಭಾವ ನೋಡು, ಉತ್ತರವಿಲ್ಲದಿದ್ದರೂ ಕಳುಹಿಸಿದ. ಅವಳು ಹೋದಳು. ಉರಿ ಹೋಗಲಿಲ್ಲ.

ಆಮೇಲೆ ವೈದ್ಯರನ್ನು ಹುಡುಕಿಕೊಂಡು ಅಲೆದ. ಒಬ್ಬರು ನೆಲ್ಲಿಕಾಯಿ ಚೂರ್ಣ ಕೊಟ್ಟರು. ಇನ್ನೊಬ್ಬರು ಅದನ್ನು ಬಿಡಿಸಿ ಜ್ಯೇಷ್ಠಮಧು ಕೊಟ್ಟರು. ತಣ್ಣನೆಯ ಹಾಲು ಕುಡಿ ಎಂದರು ಒಬ್ಬರು. ಹಾಲು ಮುಟ್ಟಲೇಬೇಡ, ಕೊತ್ತಂಬರಿ ಬೀಜ ನೆನೆಸಿದ ನೀರು ಕುಡಿ ಎಂದರು ಮತ್ತೊಬ್ಬರು. ಯಾರ ಮಾತನ್ನೂ ತಳ್ಳಿಹಾಕುವ ಧೈರ್ಯ ಅವನಿಗಿರಲಿಲ್ಲ. ಎಲ್ಲವನ್ನೂ ಒಟ್ಟಿಗೆ ನುಂಗಿದ. ಯಾವುದಕ್ಕೆ ಉರಿ ಇಳಿಯಿತು, ಯಾವುದಕ್ಕೆ ಏರಿತು ಎಂಬುದೇ ತಿಳಿಯದಂತಾಯಿತು.

ಒಂದು ಮಾತನ್ನು ಮಾತ್ರ ಎಲ್ಲ ವೈದ್ಯರೂ ಹೇಳಿದ್ದರು: ಹಸಿದಾಗ ಉಣ್ಣು. ಅದನ್ನು ಅವನು ನಿಷ್ಠೆಯಿಂದ ಪಾಲಿಸುತ್ತಿದ್ದ. ಹೊಟ್ಟೆಯಲ್ಲಿ ಉರಿ ಎದ್ದಿತೋ, ಹಸಿವಾಯಿತೆಂದು ತಿನ್ನುತ್ತಿದ್ದ. ತಿಂದೊಡನೆ ಉರಿ ಅಡಗುತ್ತಿತ್ತು. ಅಡಗಿದ್ದರಿಂದ ಅದು ಹಸಿವೇ ಎಂದು ನಂಬುತ್ತಿದ್ದ. ಸ್ವಲ್ಪ ಹೊತ್ತಿಗೆ ಅದು ಮತ್ತೆ ಏಳುತ್ತಿತ್ತು. ಗಿರಾಕಿಗೆ ರುಚಿ ತೋರಿಸಲು ಮುರಿದ ಬೆಲ್ಲದಲ್ಲಿ ತಾನೂ ಒಂದು ಚೂರು ಬಾಯಿಗೆ ಹಾಕಿಕೊಳ್ಳುತ್ತಿದ್ದನಲ್ಲ, ಅದು ತಿಂದ ಲೆಕ್ಕಕ್ಕೇ ಇರಲಿಲ್ಲ.

ಕೊನೆಗೆ ಒಬ್ಬ ಮುದುಕ ವೈದ್ಯನ ಮನೆಗೆ ಬಂದ. ವೈದ್ಯ ನಾಡಿ ನೋಡಿದ. ಔಷಧಿ ಕೊಡಲಿಲ್ಲ. ಜಗಲಿಯ ಮೇಲೆ ಕೂರಿಸಿ, ಹಸಿವಾದಾಗ ಹೇಳು ಎಂದ.

ಮೈಯ ಬೆವರು ಆರುವ ಮೊದಲೇ ವ್ಯಾಪಾರಿ ಹಸಿವು ಎಂದ. ವೈದ್ಯ ಒಂದು ಬಟ್ಟಲು ಗಂಜಿ ತಂದಿಟ್ಟ. ಉಪ್ಪೂ ಇಲ್ಲದ ಸಪ್ಪೆ ಗಂಜಿ.

“ನಂಚಿಕೊಳ್ಳಲು ಉಪ್ಪಿನಕಾಯಿ ಇದೆಯೇ?”

“ಇಲ್ಲ.”

“ಹಾಗಾದರೆ ಆಮೇಲೆ ಕುಡಿಯುತ್ತೇನೆ.”

ವೈದ್ಯ ಬಟ್ಟಲನ್ನು ಎತ್ತಿಕೊಂಡ. “ಆಮೇಲೆ ಎನ್ನುವುದು ಹಸಿವಲ್ಲಪ್ಪ, ಉರಿ. ಮೊದಲು ತಿಂದದ್ದು ಇನ್ನೂ ಒಳಗೇ ಇದೆ. ಅದರ ಮೇಲೆ ನೀನು ಇನ್ನೊಂದನ್ನು ಹೇರುತ್ತಿದ್ದೀಯೆ.”

ವ್ಯಾಪಾರಿಗೆ ದಿಕ್ಕು ತೋಚದಾಯಿತು. ಇಷ್ಟು ವರ್ಷ ಹಸಿವೆಂದು ತಿಳಿದದ್ದು ಹಸಿವಲ್ಲವಾದರೆ ಹಸಿವು ಯಾವುದು? ಅದರ ಗುರುತೇ ಅವನಿಗೆ ಮರೆತುಹೋಗಿತ್ತು. ಉರಿ ಎದ್ದಿತು, ಕಾದ. ಅಡಗಿತು, ಆಗಲೂ ಕಾದ. ಹೊಟ್ಟೆ ಗುಡುಗುಟ್ಟಿತು. ಇದೇ ಇರಬಹುದೇ? ಇರಲಾರದೇ? ತನ್ನ ಹೊಟ್ಟೆಯ ಮಾತು ತನಗೇ ತಿಳಿಯದಲ್ಲ ಎಂದು ಅಳು ಬಂದಂತಾಯಿತು. ಮನೆಗೆ ಓಡಿಬಿಡಲೇ ಎನಿಸಿತು. ಮನೆಯಲ್ಲಿ ಯಾರೂ ಇಲ್ಲ ಎಂಬುದು ನೆನಪಾಗಿ ಕೂತಲ್ಲೇ ಕೂತ.

ಹೊತ್ತು ಇಳಿಯುವಾಗ ಒಂದು ತೇಗು ಬಂತು. ಅದರಲ್ಲಿ ಹುಳಿ ಇರಲಿಲ್ಲ. ಇನ್ನೂ ಸ್ವಲ್ಪ ಹೊತ್ತಿಗೆ ಒಳಮನೆಯಿಂದ ಅಕ್ಕಿ ಬೇಯುವ ವಾಸನೆ ಬಂತು. ಬರಿಯ ಅಕ್ಕಿಯ ವಾಸನೆಗೆ ಅವನ ಬಾಯಲ್ಲಿ ನೀರೂರಿತು. ವೈದ್ಯ ಗಂಜಿ ತಂದ. ವ್ಯಾಪಾರಿ ಏನನ್ನೂ ಕೇಳದೆ ಕುಡಿದ.

ಕುಡಿಯುತ್ತಲೇ ಅವನ ಕಣ್ಣು ತುಂಬಿತು. ಎದೆಯುರಿ ಶುರುವಾದ ದಿನದಿಂದ ಹೆಂಡತಿ ಇಂಥದೇ ಗಂಜಿ ಕಾಸಿ ಮುಂದಿಡುತ್ತಿದ್ದಳು. ಸಪ್ಪೆ ಎಂದು ಅದನ್ನು ಸರಿಸಿದವನು ಅವನೇ. ಸಾರಿಗೆ ಇನ್ನಷ್ಟು ಖಾರ ಹಾಕು ಎಂದು ಹೇಳಿ ಹಾಕಿಸಿದವನೂ ಅವನೇ. ಬಟ್ಟಲು ಕೆಳಗಿಟ್ಟು ಎದ್ದ. ಅಂಗಡಿಯ ದಾರಿ ಬಿಟ್ಟು ಹೆಂಡತಿಯ ತವರೂರಿನ ದಾರಿ ಹಿಡಿದ. ಅವಳು ಹೊಸಿಲಲ್ಲಿ ಕೇಳಿದ ಪ್ರಶ್ನೆಗೆ ಏನು ಹೇಳುವುದೆಂದು ದಾರಿಯುದ್ದಕ್ಕೂ ಯೋಚಿಸುತ್ತ ನಡೆದ.

ಗುರುಗಳು ಕತೆ ನಿಲ್ಲಿಸಿದರು.

ಚನ್ನವೀರನ ಗೊಂದಲ ಇನ್ನಷ್ಟು ಹೆಚ್ಚಿತು. ಅವನು ಒಂದೇ ಉಸಿರಿನಲ್ಲಿ ಕೇಳಿದ, “ಗುರುಗಳೇ, ಅವನಿಗೆ ಗುಣವಾದದ್ದು ಗಂಜಿಯಿಂದಲೋ, ಕಾದದ್ದರಿಂದಲೋ? ಹೆಂಡತಿ ಬಂದಳೇ? ಹಾಗಾದರೆ ನಾನೀಗ ಉಪವಾಸ ಹಿಡಿಯಲೇ? ಅಥವಾ ಆ ಇನ್ನೊಂದು ಮಠದಲ್ಲಿ ಬೇರೆ ಏನಾದರೂ ಹೇಳಿಕೊಡುತ್ತಾರೋ?”

ಗುರುಗಳು ಕೇಳಿದರು, “ನಿನ್ನೆ ನೀನು ಕೇಳಿದ ಪ್ರಶ್ನೆ ಯಾವುದು?”

ಚನ್ನವೀರನಿಗೆ ನೆನಪಾಗಲಿಲ್ಲ.