ಚೊಕ್ಕ ಹಿನ್ನೆಲೆ

ಹುಳುಗಳ ಫೋಟೊ ತೆಗೆಯುತ್ತಲೇ ತಲೆ ನರೆಸಿಕೊಂಡಿದ್ದ ಸಂಜೀವಯ್ಯನವರ ಬಳಿ ಓಬಳೇಶ ಮೂರು ವರ್ಷದಿಂದ ಕಲಿಯುತ್ತಿದ್ದ. ಗುರುಗಳ ಬಾಯಿಂದ ಒಂದು ‘ಭೇಷ್’ ಕೂಡ ಬಿದ್ದಿರಲಿಲ್ಲ. ಅದೇ ಅವನ ಕೊರಗು. ಹೊಗಳಿಕೆಯ ಹಸಿವಿಗೆ ಕಾಯುವುದು ಗೊತ್ತಿಲ್ಲ ನೋಡಿ.

ಒಂದು ಮಧ್ಯಾಹ್ನ, ಹೊಂಗೆ ಮರದಡಿ ಕುಳಿತಿದ್ದ ಗುರುಗಳ ಬಳಿಗೆ ಅವನು ಹೊಳೆಯ ಮರಳಿನಿಂದ ಓಡಿಬಂದ.

“ಸಿಕ್ಕಿಬಿಡ್ತು ಮೇಷ್ಟ್ರೇ! ಕಣಜದ ಹುಳು, ಹಾರ್ತಾ ಇರೋದೇ. ಬಾಯಲ್ಲಿ ಹಸಿರು ಹುಳ ಬೇರೆ ಕಚ್ಕೊಂಡಿದೆ!”

ಗುರುಗಳು ಕ್ಯಾಮೆರಾದ ಪರದೆ ನೋಡಿದರು. ರೆಕ್ಕೆಯ ಗೆರೆಗಳನ್ನು ಎಣಿಸಬಹುದಿತ್ತು.

“ಕಣ್ಣು ಮಿಟುಕಿಸೋದ್ರಲ್ಲಿ ಮಾಯ ಆಗೋ ಹುಳು ಇದು. ನಿನಗೆ ಹೇಗಪ್ಪಾ ಸಿಕ್ತು?”

“ಅದೇ ಆಶ್ಚರ್ಯ. ಅರ್ಧ ಗಂಟೆಯಿಂದ ಒಂದೇ ಕಡೆ ಸುತ್ತುತ್ತಾ ಇದೆ. ನನ್ನ ಅದೃಷ್ಟ!”

“ಹಿನ್ನೆಲೆ ಬಹಳ ಚೊಕ್ಕವಾಗಿದೆ.”

ಓಬಳೇಶ ಹಿಗ್ಗಿಹೋದ. “ನಾನೇ ಮಾಡಿದ್ದು. ಅದು ಬಿಲ ತೋಡಿ, ಬಿಲದ ಬಾಯಿಗೆ ಮರಳು ಮುಚ್ಚಿ ಬೇಟೆಗೆ ಹೋಯ್ತು. ವಾಪಸ್ ಬರೋದ್ರೊಳಗೆ ಸುತ್ತಲಿನ ಕಲ್ಲು, ಕಡ್ಡಿ, ಒಣಗಿದೆಲೆ ಎಲ್ಲಾ ಆರಿಸಿ ಎಸೆದೆ. ಮರಳನ್ನೂ ಕೈಯಲ್ಲಿ ಸವರಿದೆ.”

“ಮುಚ್ಚಿದ ಬಿಲಾನ ಅದು ಹೇಗೆ ಗುರುತು ಹಿಡಿಯುತ್ತೆ?”

“ಸುತ್ತಲಿನ ಕಲ್ಲು, ಕಡ್ಡಿ ನೋಡ್ಕೊಂಡು...”

ಅವನು ತಿರುಗಿ ಮರಳಿನ ಕಡೆ ನೋಡಿದ. ಕೆಟ್ಟ ಮೇಲೆ ಬುದ್ಧಿ, ಅಟ್ಟ ಮೇಲೆ ಒಲೆ.

ಇಬ್ಬರೂ ಮರಳಿಗಿಳಿದರು. ಹುಳು ಇನ್ನೂ ಸುತ್ತುತ್ತಲೇ ಇತ್ತು. ಇಳಿಯುವುದು, ಕೆದಕುವುದು, ಮತ್ತೆ ಏಳುವುದು. ತಂದ ಬೇಟೆಯನ್ನು ಬಿಲದಲ್ಲಿಟ್ಟು ಅದರ ಮೇಲೆ ಮೊಟ್ಟೆಯಿಡಬೇಕಿತ್ತು ಪಾಪ.

ಓಬಳೇಶ ಎಸೆದದ್ದನ್ನೆಲ್ಲ ಹೆಕ್ಕಿ ತಂದ. ಒಂದು ಕಲ್ಲನ್ನು ಇಲ್ಲಿಟ್ಟ, ತೆಗೆದ, ಅಲ್ಲಿಟ್ಟ. ಯಾವುದು ಎಲ್ಲಿತ್ತೋ, ಬಿಲವೇ ಎಲ್ಲಿತ್ತೋ ಅವನಿಗೂ ತಿಳಿಯಲಿಲ್ಲ.

“ಮೇಷ್ಟ್ರೇ, ಏನು ಮಾಡ್ಲಿ?”

“ನಿನ್ನ ಫೋಟೊಗಳಲ್ಲಿ ಹುಡುಕು.”

ಅವನು ಇನ್ನೂರು ಫೋಟೊ ಒಂದೊಂದಾಗಿ ನೋಡಿದ. ಎಲ್ಲವೂ ಚೊಕ್ಕ ಮಾಡಿದ ಮೇಲೆ ತೆಗೆದವು. ಮೊದಲಿದ್ದ ಹಾಗೆ ಒಂದೂ ಇರಲಿಲ್ಲ.

ಬಿಸಿಲು ಇಳಿಯಿತು. ಹುಳು ಬೇಟೆಯನ್ನು ಮರಳ ಮೇಲೆ ಬಿಟ್ಟು ಹಾರಿಹೋಯಿತು. ಸ್ವಲ್ಪ ಹೊತ್ತಿಗೆ ಅಲ್ಲಿಗೆ ಇರುವೆಗಳು ಬಂದವು.

ಓಬಳೇಶನಿಗೆ ಅಳು ತಡೆಯಲಾಗಲಿಲ್ಲ. “ಈ ಫೋಟೊ ನನಗೆ ಬೇಡ ಮೇಷ್ಟ್ರೇ. ಎಲ್ಲಾ ಅಳಿಸಿಬಿಡ್ತೀನಿ.”

ಗುರುಗಳು ಅವನ ಕೈಯಿಂದ ಕ್ಯಾಮೆರಾ ತೆಗೆದುಕೊಂಡರು.

“ಬೇಡಪ್ಪಾ. ಒಂದು ದಿನಕ್ಕೆ ಅಳಿಸಿದ್ದು ಸಾಕು.”